ಟಾನಿಕ್ ಭಾವ

"ಸ್ವಲ್ಪ ಮೇಲಕ್ಕೆ ನೋಡಮ್ಮ, ಕಣ್ಣಿನ ಹಳದಿ ಚೆನ್ನಾಗಿ ಬೀಳ್ಲಿ," ಎಂದು ಭಾವ ಮೊಬೈಲನ್ನು ಅವಳ ಮುಖದ ಹತ್ತಿರಕ್ಕೆ ತಂದ. ಆಸ್ಪತ್ರೆಯ ಹಾಸಿಗೆಯಲ್ಲಿ ಒರಗಿದ್ದ ಅವಳು ಮೇಲಕ್ಕೆ ನೋಡಿದಳು. ಫೋಟೋವನ್ನು ಗೊತ್ತಿರುವ ದೊಡ್ಡ ಡಾಕ್ಟರೊಬ್ಬರಿಗೆ ತೋರಿಸುತ್ತೇನೆ ಎಂದಿದ್ದ. ಅವನ ಬೆರಳುಗಳಿಂದ ಟಾನಿಕ್ಕಿನ ವಾಸನೆ, ಕೊಳೆತ ಹಣ್ಣನ್ನು ತುಕ್ಕು ಹಿಡಿದ ಡಬ್ಬಿಯಲ್ಲಿ ಮುಚ್ಚಿಟ್ಟಂಥ ವಾಸನೆ ಬರುತ್ತಿತ್ತು.

ಆ ಟಾನಿಕ್ಕನ್ನು ಭಾವ 'ಲಿವರ್ ಶುದ್ಧಿ' ಎಂದು ಹೆಸರಿಟ್ಟು, ಮನೆಯಲ್ಲೇ ಬಾಟಲಿಗೆ ತುಂಬಿ ಮಾರುತ್ತಿದ್ದ. ದಿನವಿಡೀ ಪರದೆ ಹೊಲಿದು ಸುಸ್ತು ಎಂದವಳಿಗೆ ಅಕ್ಕನೇ ಅದನ್ನು ತಂದುಕೊಟ್ಟಿದ್ದಳು. ಬೇಡ ಅನ್ನಲು ಬಾಯಿ ಬಂದಿರಲಿಲ್ಲ. ಮೊದಲು ಊಟ ಸೇರದಾಯಿತು, ಆಮೇಲೆ ಮೈಯೆಲ್ಲ ತುರಿಕೆ, ಮೂತ್ರ ಕಡು ಚಹಾದ ಬಣ್ಣ. ಒಳಗಿನ ಕೊಳೆ ಹೊರಗೆ ಬರುತ್ತಿದೆ, ಒಳ್ಳೆಯ ಲಕ್ಷಣ, ಇನ್ನೊಂದು ಮುಚ್ಚಳ ಜಾಸ್ತಿ ಮಾಡು ಎಂದ ಭಾವ. ಜಾಸ್ತಿ ಮಾಡಿದಳು. ಬಿಳಿ ಪರದೆಗೆ ಅಂಚು ಹೊಲಿಯುತ್ತಿದ್ದಾಗ ಬಟ್ಟೆಯ ಮೇಲೆ ತನ್ನ ಕೈ ಹಳದಿಯಾಗಿ ಕಂಡ ದಿನವೇ ಆಸ್ಪತ್ರೆ ಸೇರಿದ್ದು.

ಡಾಕ್ಟರಮ್ಮ ಕಾಮಾಲೆ ತರುವ ವೈರಸ್ಸುಗಳಿಗೆಲ್ಲ ಪರೀಕ್ಷೆ ಮಾಡಿಸಿದರು. ಒಂದೂ ಸಿಗಲಿಲ್ಲ. ಸ್ಕ್ಯಾನಿನಲ್ಲಿ ಪಿತ್ತಕೋಶದ ಕಲ್ಲು ಕಾಣಲಿಲ್ಲ, ಕುಡಿತದ ಮಾತೇ ಇಲ್ಲ. ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಮತ್ತೊಮ್ಮೆ ಕೇಳಿದಾಗ, ಔಷಧಿ ಏನಿಲ್ಲ, ಟಾನಿಕ್ ಅಷ್ಟೇ ಎಂದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಲಿವರ್ ಕೋಶ ಒಡೆದಾಗ ಒಳಗಿರೋ ಎಸ್‌ಜಿಪಿಟಿ ಅನ್ನೋ ಕಿಣ್ವ ರಕ್ತಕ್ಕೆ ಸೋರತ್ತೆ. ನಲವತ್ತರ ಆಸುಪಾಸು ಇರಬೇಕಾದ್ದು ನಿಮಗೆ ಸಾವಿರ ದಾಟಿದೆ. ಪಿತ್ತದ ಹಳದಿ ಅಂಶ ಬಿಲಿರುಬಿನ್ ಹೊರಗೆ ಹೋಗ್ದೆ ಮೈಯಲ್ಲೇ ನಿಂತಿದೆ, ಅದೇ ಈ ಹಳದಿ. ಇನ್ನು ಆ ಬಾಟಲಿ ಮುಟ್ಟಬೇಡಿ. ಮುಟ್ಟಿದ್ರೆ ನನ್ನ ಕೈಲಿ ಏನೂ ಆಗಲ್ಲ."

ಬಿಟ್ಟ ಮೇಲೆ ಒಂದೊಂದು ರಕ್ತ ಪರೀಕ್ಷೆಗೂ ಅಂಕಿ ಇಳಿಯುತ್ತ ಬಂತು. ಅನ್ನ ರುಚಿಸತೊಡಗಿತು. ಕಣ್ಣು ತಿಳಿಯಾದಾಗ ಭಾವ ಮನೆಗೆ ಬಂದು, ನಗು ನೋಡೋಣ ಎಂದು ಇನ್ನೊಂದು ಫೋಟೋ ತೆಗೆದ. ಅಕ್ಕನ ಮುಖ ನೋಡಿಕೊಂಡು ಅವಳು ನಕ್ಕಳು.

ಆ ನಗು ಅವಳಿಗೆ ಮತ್ತೆ ಕಂಡದ್ದು ಒಂದು ಸಭಾಂಗಣದ ಬಾಗಿಲಲ್ಲಿ. ಅಲ್ಲಿನ ಕಿಟಕಿಗಳ ಅಳತೆ ತೆಗೆದುಕೊಳ್ಳಲು ಟೇಪು ಹಿಡಿದು ಹೋಗಿದ್ದಳು. ಆಳೆತ್ತರದ ಬ್ಯಾನರ್; ಎಡಕ್ಕೆ ಅವಳ ಹಳದಿ ಕಣ್ಣು, ಬಲಕ್ಕೆ ಅವಳ ನಗು, ನಡುವೆ ಬಾಟಲಿ. ಯಾರದೋ ಎಂಜಲನ್ನು ತನ್ನ ಮುಖಕ್ಕೆ ಬಳಿದಂತಾಯಿತು.

ಒಳಗೆ ಭಾವ ಮೈಕು ಹಿಡಿದಿದ್ದ. ಪಕ್ಕದ ಮೇಜಿನಲ್ಲಿ ಅಕ್ಕ ಪುಟ್ಟ ಲೋಟಗಳಿಗೆ ಟಾನಿಕ್ ಸುರಿಯುತ್ತಿದ್ದಳು. ಇವಳನ್ನು ಕಂಡು ಭಾವ ಒಂದಿಷ್ಟೂ ತಡವರಿಸಲಿಲ್ಲ. ಫೋಟೋದಲ್ಲಿರುವ ನಮ್ಮ ನಾದಿನಿಯೇ ಬಂದಿದ್ದಾಳೆ, ಕಣ್ಣಾರೆ ನೋಡಿಕೊಳ್ಳಿ ಎಂದ. ಚಪ್ಪಾಳೆ ಬಿತ್ತು.

"ಇದನ್ನ ಕುಡಿದೇ ನನ್ನ ಕಣ್ಣು ಹಳದಿ ಆಗಿದ್ದು," ಎಂದಳು ಅವಳು. "ಬಿಟ್ಟ ಮೇಲೆ ವಾಸಿ ಆಯ್ತು. ಡಾಕ್ಟರ್ ಬಿಡಿಸಿದ್ರು."

ಕಾಯಿಲೆ ಪಾಪ ತಲೆಗೂ ಏರಿತ್ತು ಎಂದು ಭಾವ ನಕ್ಕ. ಸಭೆಯಲ್ಲೂ ಕೆಲವರು ನಕ್ಕರು. ಅಕ್ಕನ ಕೈ ಒಂದು ಗಳಿಗೆ ನಿಂತಿತು. ಮತ್ತೆ ತಲೆ ಎತ್ತದೆಯೇ ಅಕ್ಕ ಮುಂದಿನ ಲೋಟಕ್ಕೆ ಸುರಿದಳು. ಭಾವನ ನಗುವಿಗಿಂತ ಆ ಕೈ ಅವಳಿಗೆ ಹೇಸಿಗೆ ತರಿಸಿತು. ಅಳತೆ ತೆಗೆಯದೆಯೇ ಹೊರಗೆ ಬಂದು ಚರಂಡಿಗೆ ಉಗಿದಳು. ಬಾಯೊಳಗಿನ ಕಹಿ ಹೋಗಲಿಲ್ಲ.

ಹಿಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಲೋಟ ಹಿಡಿದುಕೊಂಡೇ ಅವಳ ಹಿಂದೆ ಬಂದಳು. ಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದಳು: "ನಿಮಗೆ ಮೈ ತುರಿಸ್ತಿತ್ತಾ?"

ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡಳು. ಹೆಂಗಸಿನ ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದಳು.