ಬ್ರಾಕೆಟ್ ನುಂಗಿದ ಮಾತು

ಅತ್ತೆಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಮಗ ಹೆಸರಾಂತ ನಟ, ಆದರೂ ಅವನ ಒಂದು ನಾಟಕವನ್ನೂ ಅವರು ನೋಡಿರಲಿಲ್ಲ. ನೀನು ಬಾಯಿ ಆಡಿಸೋದನ್ನ ನೋಡೋಕೆ ಅಷ್ಟು ದೂರ ಬರಬೇಕಾ ಎಂದು ಕೈಸನ್ನೆಯಲ್ಲೇ ಗೇಲಿ ಮಾಡುತ್ತಿದ್ದರು. ಮಗನೂ ಒತ್ತಾಯಿಸುತ್ತಿರಲಿಲ್ಲ. ಮನೆಯಲ್ಲಿ ಅಮ್ಮನ ಜೊತೆ ಕೈತುಂಬ ಮಾತಾಡುವ ಮನುಷ್ಯ, ನಾಲ್ಕು ಜನರ ಮುಂದೆ ಒಂದು ಸನ್ನೆಯನ್ನೂ ಮಾಡುತ್ತಿರಲಿಲ್ಲ. ಶಾಲೆಯಲ್ಲಿ ಹುಡುಗರು ಅಣಕಿಸಿದ್ದರಂತೆ. ಅವಮಾನ ಅನ್ನುವುದು ಹಾಗೆಯೇ, ತಲೆ ನರೆತರೂ ಬಿಡುವುದಿಲ್ಲ.

ಈ ಸಲ ರಂಗಮಂದಿರಕ್ಕೆ ಮಾತುಗಳನ್ನು ಅಕ್ಷರದಲ್ಲಿ ತೋರಿಸುವ ಪರದೆ ಬಂತು. ಸೊಸೆ ಕಂಪ್ಯೂಟರ್ ಕೆಲಸದವಳು, ಪರದೆಗೆ ಮಾತು ಸಿದ್ಧಪಡಿಸುವ ಹೊಣೆ ತಾನೇ ಹೊತ್ತಳು.

"ಅಮ್ಮನಿಗೆ ಬೇಜಾರಾಗತ್ತೆ ಕಣೇ," ಎಂದ ಗಂಡ.

"ಆಗಲ್ಲ ರೀ, ನಾನಿದೀನಲ್ಲ. ಒಂದು ಮಾತೂ ತಪ್ಪಲ್ಲ, ಕರ್ಕೊಂಡು ಬನ್ನಿ."

ನಾಟಕದ ಪ್ರತಿಯಲ್ಲಿ ನಟರಿಗಿದ್ದ ಸೂಚನೆಗಳೆಲ್ಲ ಬ್ರಾಕೆಟ್ಟಿನೊಳಗಿದ್ದವು. ಅವು ಪರದೆಗೆ ಬೇಡ. ಒಂದೊಂದಾಗಿ ಅಳಿಸುತ್ತ ಕೂರಲು ಅವಳಿಗೇನು ಹುಚ್ಚೇ? ಬೇಕಾದ್ದನ್ನು ತಾನೇ ಹುಡುಕಿ ಅಳಿಸುವ ಸೂತ್ರ, ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದಳು: ಸಾಲಿನಲ್ಲಿ ಬ್ರಾಕೆಟ್ ತೆರೆದಲ್ಲಿಂದ ಮುಚ್ಚುವವರೆಗೆ ಏನೇ ಇರಲಿ, ಅಳಿಸು. ಮೊದಲ ಪುಟಗಳು ಸೊಗಸಾಗಿ ಬಂದವು. ಅಷ್ಟಕ್ಕೇ ಖುಷಿಯಾಗಿ ಕೈಬಿಟ್ಟಳು.

ಮಧ್ಯಾಹ್ನದ ಪ್ರದರ್ಶನ. ಮುಂದಿನ ಸಾಲಿನಲ್ಲಿ ಕೂತ ಅತ್ತೆ ಪರದೆ ಓದುತ್ತ, ಎಲ್ಲರೂ ನಗುವಲ್ಲಿ ತಾವೂ ನಕ್ಕರು. ಕೊನೆಯ ಅಂಕದಲ್ಲಿ ಗಂಡ ಅಂಬಿಗ. ದೋಣಿ ಮುಳುಗಿ ಜನ ಸತ್ತಿದ್ದಕ್ಕೆ ನ್ಯಾಯಾಧೀಶರ ಮುಂದೆ ನಿಂತಿದ್ದಾನೆ. ಪರದೆಯ ಮೇಲೆ "ಸ್ವಾಮೀ," ಎಂದು ಮೂಡಿತು. ಅಷ್ಟೇ, ಮುಂದೆ ಏನೂ ಬರಲಿಲ್ಲ.

ಪರದೆಯ ಕಂಪ್ಯೂಟರ್ ಮುಂದೆ ಕೂತಿದ್ದ ಸೊಸೆಗೆ ತಪ್ಪು ಹೊಳೆಯಿತು. ಈ ಉದ್ದದ ಮಾತನ್ನು ಗಂಡ ಫೋನಿನಲ್ಲಿ ತಿದ್ದಿ ಕಳಿಸಿದ್ದ, ಎಲ್ಲೂ ಸಾಲು ಮುರಿಯದೆ. ಸಾಲು ಒಂದೇ, ಬ್ರಾಕೆಟ್ಟುಗಳು ಹತ್ತಾರು. ಅವಳ ಸೂತ್ರವೋ ಹೊಟ್ಟೆಬಾಕ: ಮೊದಲನೆಯದು ಮುಚ್ಚಿದಲ್ಲಿ ನಿಲ್ಲದೆ, ಕೊನೆಯದು ಮುಚ್ಚುವವರೆಗೆ ನಡುವಿನ ಮಾತನ್ನೆಲ್ಲ ನುಂಗಿ ಹಾಕಿತ್ತು. ಸೂತ್ರಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಸೇರಿಸಿದ್ದರೆ ಹತ್ತಿರದ ಬ್ರಾಕೆಟ್ಟಿನಲ್ಲೇ ನಿಲ್ಲುತ್ತಿತ್ತು. ಹೊಸಬರು ಮಾಡುವ ತಪ್ಪು! ಈಗ ತಲೆ ಚಚ್ಚಿಕೊಂಡರೆ ಏನು ಬಂತು?

ಅತ್ತೆ ಪರದೆ ನೋಡಿದರು, ಮಗನ ಬಾಯಿ ನೋಡಿದರು, ಮತ್ತೆ ಪರದೆ ನೋಡಿದರು. ಆಮೇಲೆ ಏಳುವವರ ಹಾಗೆ ಸೆರಗು ಸರಿಮಾಡಿಕೊಂಡರು.

ರಂಗದ ಮೇಲೆ ಗಂಡನ ಮಾತು ತಡೆಯಿತು. ಅಮ್ಮನನ್ನು ನೋಡಿದ, ತುಂಬಿದ ಸಭೆಯನ್ನು ನೋಡಿದ. ಹೆದರಿದ್ದ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಕೊನೆಗೆ ಮಾತಿನ ಜೊತೆಗೇ ಅವನ ಕೈಗಳು ಮೇಲೆದ್ದವು. ನದಿ ಎಂದವು, ಗಾಳಿ ಎಂದವು, ದೋಣಿ ಮಗುಚಿತು ಎಂದವು.

ಅತ್ತೆ ಏಳಲಿಲ್ಲ. ಕೂತಲ್ಲಿಂದಲೇ ಕೈ ಎತ್ತಿ ಕೇಳಿದರು: "ಆಮೇಲೆ?"

ಸಭೆಯೆಲ್ಲ ತಿರುಗಿ ಅವರನ್ನು ನೋಡಿತು. ಗಂಡ ನ್ಯಾಯಾಧೀಶರಿಗೆ ಬೆನ್ನು ಹಾಕಿ, ಅಮ್ಮನಿಗೆ ಹೇಳತೊಡಗಿದ.