ಮೀಸಲು ನೀರು

ಕಾಣದೆಡೆಯಲ್ಲಿ ನಿಂತು ಕಾಯುವ ಕರುಣಾಳುವೇ, ನಾಲಗೆಯ ಮೇಲೆ ನೆಲೆಸು. ಒಬ್ಬ ಲೆಕ್ಕಿಗನ ಕಡೆಯ ದಿನವನ್ನು ಹೇಳುತ್ತೇನೆ.

"ನಲ್ಲೀಲಿ ಒಂದು ಹನೀನೂ ಇಲ್ಲ ಚಿಕ್ಕಮ್ಮ!" ಎನ್ನುತ್ತ ಭಾವನ ಮಗಳು ಖಾಲಿ ಬಿಂದಿಗೆ ಹೊತ್ತು ಒಳಬಂದಳು. ತೀರಿಕೊಂಡ ಗಂಡನ ದೇಹದ ಬಳಿ ಕುಳಿತಿದ್ದ ಮುದುಕಿ ತಲೆಯೆತ್ತಿದಳು. ಮೀಯಿಸಲೂ ನೀರಿಲ್ಲವೇ?

ಪುರಸಭೆಯ ಲೆಕ್ಕಿಗನಾಗಿದ್ದ ಆತನಿಗೆ ಊರಿಟ್ಟ ಹೆಸರು 'ಮುಂದಿನ್ವರ್ಷ'. ಯಾರು ಏನು ಕೇಳಿದರೂ ಅದೇ ಉತ್ತರ. ನೀರಿನ ತೆರಿಗೆಯ ಹತ್ತರಲ್ಲೊಂದು ಪಾಲನ್ನು ಮೂವತ್ತು ವರ್ಷ ತೆಗೆದಿರಿಸಿ, ನಿವೃತ್ತಿಯ ಹೊಸ್ತಿಲಲ್ಲಿ ಅಷ್ಟನ್ನೂ ಹೊಸ ಕೊಳವೆಗೆ ವೆಚ್ಚ ಮಾಡಿಸಿದ್ದ. ಹಳೆಯದರಲ್ಲೇ ನೀರು ಹರಿಯುತ್ತಿದೆಯಲ್ಲ ಎಂದು ಅಧ್ಯಕ್ಷರು ಹೊಸದಕ್ಕೆ ನೀರೇ ಬಿಡಿಸಿರಲಿಲ್ಲ. ಆ ದುಡ್ಡಿನಲ್ಲಿ ಆಗಬಹುದಾಗಿದ್ದ ಗಡಿಯಾರದ ಗೋಪುರ ಕೈತಪ್ಪಿದ ಜನ, "ದುಡ್ಡೆಲ್ಲ ಮಣ್ಣುಪಾಲು ಮಾಡಿದ" ಎಂದಿದ್ದರು.

"ಹೋಗೋ ದಿನಾನೂ ನೀರು ನಿಲ್ಲಿಸಿಬಿಟ್ಟ ನೋಡು," ಎಂದ ಅಂಗಳದಲ್ಲಿದ್ದ ಕ್ಷೌರಿಕ.

"ಮುಂದಿನ್ವರ್ಷ ಬರುತ್ತೆ, ಇರಪ್ಪ," ಎಂದರು ಯಾರೋ. ನಗು ಕಿಟಕಿಯೊಳಗೆ ತೂರಿಬಂತು. ಇದೇ ಮಾತನ್ನು ಹೊತ್ತು ಇವರು ಮಣ್ಣಿಗೆ ಹೋಗಬೇಕೇ ಎಂದು ಆಕೆ ಕುಗ್ಗಿದಳು.

*

ಮದುವೆಯಾದ ಹೊಸತು. "ಪೇಟೆಬೀದಿ ಅಜ್ಜಿಗೆ ಕೆಮ್ಮು ಜಾಸ್ತಿ. ಇನ್ನು ಬಹಳ ವರ್ಷ ಬಾಳಲ್ಲ," ಎಂದಿದ್ದ ಆತ. ಆಕೆ ಮರುದಿನವೇ ಬಿಸಿ ಗಂಜಿ ಹಿಡಿದು ಪೇಟೆಬೀದಿಯ ಮನೆಮನೆಯ ಬಾಗಿಲು ತಟ್ಟಿದಳು. ಅಜ್ಜಿಯೆಂದರೆ ನೆಲದಡಿಯ ಕಬ್ಬಿಣದ ಕೊಳವೆ! ಪ್ರತಿಯೊಂದು ಕೊಳವೆಯ ವಯಸ್ಸು, ಉಳಿದ ಆಯುಸ್ಸು ಬರೆದಿಟ್ಟ ಆತನ ಹಾಳೆಗೆ 'ಹಿರಿಯರ ಪಟ್ಟಿ' ಎಂದು ಹೆಸರು.

ಅಧ್ಯಕ್ಷರು ಒಮ್ಮೆ ಮನೆಗೇ ಬಂದರು. "ಗೋಪುರಕ್ಕೆ ಆ ನೀರಿನ ದುಡ್ಡಲ್ಲಿ ಸ್ವಲ್ಪ ತೆಗೆದುಕೊಡ್ರೀ. ಸುಮ್ಮನೆ ಬಿದ್ದಿದೆಯಲ್ಲ?"

"ಬಿದ್ದಿಲ್ಲ ಸ್ವಾಮಿ, ಎತ್ತಿಟ್ಟಿದೆ. ಅದು ಮೀಸಲು. ಎಂಜಲು ಮಾಡಬೇಡಿ."

*

ಊರಿಗೆ ನೀರು ಬಿಡುವ ನೀರುಗಂಟಿ, ಸೊಂಟದವರೆಗೆ ಕೆಸರಾಗಿ, ಏದುಸಿರು ಬಿಡುತ್ತ ಬಂದ. "ಅಕ್ಕಾ, ಪೇಟೆಬೀದಿ ಅಜ್ಜಿ ಹೋದ್ಲು!"

"ಅಯ್ಯೋ, ಇನ್ನೊಂದು ಸಾವಾ?" ಎಂದು ಕ್ಷೌರಿಕ ಎದ್ದುನಿಂತ.

ಆಕೆಗೆ ಮಾತ್ರ ಅರ್ಥವಾಯಿತು. "ಹೊಸಬಳು?"

"ಯಾರನ್ನೂ ಕೇಳ್ಲಿಲ್ಲ, ಅವರು ಹಾಕಿಸಿದ ಹೊಸ ಕೊಳವೆ ಬೀಗ ಒಡೆದು ವಾಲ್ವ್ ತಿರುವಿಬಿಟ್ಟೆ. ನಿಮ್ಮದು ತುದಿ ಮನೆ. ಇಲ್ಲಿಗೆ ಬಂದ್ರೆ ಊರಿಗೆಲ್ಲ ಬಂದ ಹಾಗೆ."

ಎಲ್ಲರೂ ಅಂಗಳದ ನಲ್ಲಿಯನ್ನೇ ನೋಡಿದರು. ಅದು ಒಮ್ಮೆ ನಿಟ್ಟುಸಿರಿಟ್ಟಿತು, ಕೆಮ್ಮಿತು, ಕೆಂಪಗೆ ಉಗುಳಿತು. ಆಮೇಲೆ ತಿಳಿನೀರು ಧೋ ಎಂದು ಸುರಿಯಿತು. ಮುದುಕಿ ಖಾಲಿ ಬಿಂದಿಗೆಯನ್ನು ತಂದು ನಲ್ಲಿಯಡಿ ಇಟ್ಟಳು.

ತುಂಬಿದ ಮೊದಲ ಬಿಂದಿಗೆಯತ್ತ ಕ್ಷೌರಿಕ ಬೊಗಸೆ ಚಾಚಿದ. ಆಕೆ ಅಡ್ಡ ಬಂದಳು. "ಅದು ಮೀಸಲು. ಅವರ ಸ್ನಾನಕ್ಕೆ."

"ಹಾಗಾದ್ರೆ ನಮಗೆ ಮುಂದಿನ್ವರ್ಷಾನಾ ಅಕ್ಕಾ?" ಎಂದವನ ಕಣ್ಣು ಒದ್ದೆಯಾಗಿತ್ತು. ಈ ಸಲ ಆಕೆಯೂ ನಕ್ಕಳು.

ಬಿಂದಿಗೆಯನ್ನು ಅವನೇ ಹೆಗಲಿಗೇರಿಸಿಕೊಂಡ. ಒಂದು ಹನಿಯೂ ತುಳುಕದಂತೆ, ಮೆಲ್ಲಮೆಲ್ಲನೆ ಹೊಸ್ತಿಲು ದಾಟಿದ.

ಕೇಳಿದ ಸಕಲರ ಮನೆಯಲ್ಲೂ, ಎಂದೋ ಯಾರೋ ಎತ್ತಿಟ್ಟ ನೀರು ಹೊತ್ತಿಗೆ ಸರಿಯಾಗಿ ಬರಲಿ.