ತೊಳೆಯದ ಗಾಜು

"ತಂಗೀ, ಕಡೀದೊಂದು ಗಾಜು ನಿನ್ನ ಕಡೇನ ಐತಂತಲ್ಲ?" ಗೋಪಣ್ಣ ಮಾಸ್ತರ ಹೊಸ್ತಿಲಾಚೆ ನಿಂತೇ ಕೇಳಿದ.

ಪಾರ್ವತೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅವಳ ಗಂಡ ಪಂಪಣ್ಣ ಇದೇ ಗೋಪಣ್ಣನ ಜೊತೆ ಲಿಂಗಸುಗೂರಿನ ಶಾಲೆಯಲ್ಲಿ ಮಾಸ್ತರನಾಗಿದ್ದ. ಎರಡು ವರ್ಷ ಮಸ್ಕಿ ಗುಡ್ಡ ಹತ್ತಿ, ದುರ್ಬೀನಿಗೆ ಕ್ಯಾಮೆರಾ ಬಿಗಿದು ಗಾಜಿನ ಮೇಲೆ ಚಂದ್ರನ ಫೋಟೋ ಹಿಡಿದಿದ್ದ. ಅವನು ಜ್ವರದಲ್ಲಿ ತೀರಿಕೊಂಡ ಮೇಲೆ, ಜೋಪಾನ ಮಾಡುತ್ತೇನೆಂದು ಏಳು ಫೋಟೋ ಒಯ್ದ ಗೋಪಣ್ಣ ಅವುಗಳ ಕೆಳಗೆ ತನ್ನ ಹೆಸರು ಬರೆದು ಹೈದರಾಬಾದಿನ ಸರ್ಕಾರಕ್ಕೆ ಕಳಿಸಿದ್ದ. ಅದಕ್ಕೆಂದೇ ನಾಳೆ ಅವನಿಗೆ ಶಾಲು ಹೊದಿಸಲು ಜಿಲ್ಲೆಯ ದೊಡ್ಡ ಸಾಹೇಬರು, ತಾಲೂಕುದಾರರೇ ಬರುವವರಿದ್ದರು.

"ಐತ್ರೀ. ಎಲ್ಲಾದ್ರಾಗ ಅದ ಚಲೋ ಸಿಕ್ಕೈತಿ ಅಂತಿದ್ರು."

"ಮತ್ತ ಕೊಡವ್ವ. ಸಾಹೇಬ್ರ ಮುಂದ ಬಿಚ್ಚಿ ತೋರಸ್ತೀನಿ. ಪಂಪಣ್ಣನ ಹೆಸರೂ ಒಂದ್ ಮಾತು ಹೇಳಿದ್ರಾತು."

ಒಂದು ಮಾತು. ಪಾರ್ವತೆಮ್ಮ ಕೈ ತೊಳೆದುಕೊಂಡು ಎದ್ದಳು.

ಔಷಧದಲ್ಲಿ ತೊಳೆಯುವವರೆಗೆ ಗಾಜಿಗೆ ಬೆಳಕು ತಾಗಬಾರದು. ತೊಳೆದ ಮೇಲೆಯೇ ಚಂದ್ರ ಮೂಡುವುದು. ಗಂಡನ ಜೊತೆ ಕತ್ತಲಕೋಣೆಯಲ್ಲಿ ಬೋಗುಣಿ ಅಲುಗಿಸಿದ್ದ ಅವಳಿಗೆ ಇದು ಗೊತ್ತು. ಈ ಗಾಜಿನ ಔಷಧ ಅಂಚೆಯಲ್ಲಿ ಬಂದದ್ದು ಅವನು ಸತ್ತ ಮೂರನೆಯ ದಿನ. ಪೊಟ್ಟಣ ಹರಿಯಲು ಕೈ ಬಂದಿರಲಿಲ್ಲ. ಅವನ ಕೊನೆಯ ಚಂದ್ರ ಟ್ರಂಕಿನಲ್ಲಿ, ಕರಿಬಟ್ಟೆಯೊಳಗೆ ಹಾಗೇ ಇದ್ದ.

ಗಂಟನ್ನು ಇನ್ನೊಮ್ಮೆ ಬಿಗಿದು ತಂದುಕೊಟ್ಟಳು.

"ಬಿಸಿಲಿಗೆ ಹಿಡಿದ್ರ ಚೆಂದ ಕಾಣ್ತತೇನು?"

"ಹಿಡಿದವ್ರು ನೀವ ಅಲ್ಲೇನ್ರೀ? ನಿಮಗ ಗೊತ್ತಿರಬೇಕು."

ಮರುದಿನ ಶಾಲೆಯ ಅಂಗಳದಲ್ಲಿ ಗೋಪಣ್ಣ ಕರಿಬಟ್ಟೆಗೆ ಕೈ ಹಾಕಿದ್ದನ್ನು ಕಂಡು, ತಾಲೂಕುದಾರರ ಫೋಟೋ ತೆಗೆಯಲು ರಾಯಚೂರಿನಿಂದ ಬಂದಿದ್ದ ದಾವಲ್‌ಸಾಬ್ ಕೂಗಿದ: "ಹಾಂ ಹಾಂ, ಬಿಚ್ಚಬ್ಯಾಡ್ರೀ!"

ಬಟ್ಟೆ ಆಗಲೇ ಜಾರಿತ್ತು. ಮಜ್ಜಿಗೆ ಬಣ್ಣದ ಬರೀ ಗಾಜು.

"ಇನ್ನಾ ತೊಳೆದಿಲ್ಲ ಇದು! ಯಾ ಅಲ್ಲಾ, ಏಳು ಚಂದ್ರ ಹಿಡಿದ ಮಾಸ್ತರ ಇದನ್ನ ಬಿಸಿಲಾಗ ಬಿಚ್ತಾನೇನ್ರೀ?"

ಯಾರೋ ನಕ್ಕರು. ತಾಲೂಕುದಾರರು ನಗಲಿಲ್ಲ. ಶಾಲನ್ನು ಮಡಿಕೆ ಬಿಚ್ಚದೆ ಜವಾನನ ಕೈಗೆ ಮರಳಿಸಿ, "ಹಿಡಿದವ್ರು ಯಾರು?" ಎಂದರು. ಗೋಪಣ್ಣ ಹೆಂಗಸರ ಕಡೆ ನೋಡಿದ. ಪಾರ್ವತೆಮ್ಮ ಎದ್ದು ಬಂದು, ಎಲ್ಲರಿಗೂ ಕೇಳುವಂತೆ ಗಂಡನ ಹೆಸರು ಹೇಳಿ, ಗೋಪಣ್ಣನ ಕೈಯಿಂದ ಗಾಜು ತೆಗೆದುಕೊಂಡಳು.

ಮನೆಗೆ ಬಂದು ಬಾಗಿಲು ಹಾಕಿ ಪೊಟ್ಟಣ ಹರಿದಳು. ಗಂಡ ಕಲಿಸಿದಂತೆ ಬೋಗುಣಿ ಅಲುಗಿಸಿದಳು. ಬಿಸಿಲು ತಾಗಿದ್ದ ಗಾಜು ಅಂಚಿನಿಂದ ಅಂಚಿಗೆ ಇದ್ದಲಿನಂತೆ ಕಪ್ಪಾಯಿತು.

ಒಣಗಿದ ಮೇಲೆ ಹಿತ್ತಲಿಗೆ ಒಯ್ದು ಆಕಾಶಕ್ಕೆ ಹಿಡಿದಳು. ಉರಿಯುತ್ತಿದ್ದ ಸೂರ್ಯ ಗಾಜಿನಾಚೆ ಸಣ್ಣಗೆ, ದುಂಡಗೆ, ಚಂದ್ರನ ಹಾಗೆ ತಣ್ಣಗೆ ನಿಂತಿದ್ದ. ಮೈಮೇಲೆ ಒಂದೂ ಕಲೆಯಿರಲಿಲ್ಲ.